ಮುಟ್ಟು ನಿಂತ ಬಳಿಕ: ಹಾರ್ಮೋನ್ ಮಾತ್ರೆಯೊಂದೇ ದಾರಿಯೇ?

(ಮಹಿಳೆಯರ ಆರೋಗ್ಯದ ಕುರಿತು ಏರ್ಪಡಿಸಲಾಗಿದ್ದ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಇಂದಿನ ವಿಷಯವು ನಮ್ಮ ವೇದಿಕೆಗಳಲ್ಲಿ ಸಾಮಾನ್ಯವಾಗಿ ಚರ್ಚೆಗೆ ಬರುವಂಥದ್ದಲ್ಲ. ಹೆಣ್ಣಿನ ವಿವಾಹ, ಹೆರಿಗೆ, ತಲಾಕ್, ವರದಕ್ಷಿಣೆ ಮುಂತಾದವುಗಳ ಬಗ್ಗೆ ನಾವು ಗಂಟೆಗಟ್ಟಲೆ ಮಾತನಾಡಿದ್ದೇವೆ. ಆದರೆ ಮುಟ್ಟು ನಿಂತ ಬಳಿಕ ಆಕೆಗೆ ಇನ್ನೂ ಇಪ್ಪತ್ತೈದು ಮೂವತ್ತು ವರ್ಷಗಳ ಬದುಕು ಉಳಿದಿರುತ್ತದೆ ಮತ್ತು ಆ ಬದುಕಿನ ಆರೋಗ್ಯವು ಬಹುಮಟ್ಟಿಗೆ ಆ ಕೆಲವೇ ವರ್ಷಗಳಲ್ಲಿ ನಿರ್ಧಾರವಾಗುತ್ತದೆ ಎಂಬ ಸಂಗತಿ ನಮ್ಮ ಗಮನಕ್ಕೆ ಬಂದಿರುವುದು ಕಡಿಮೆ. ಸಹೋದರರು ಇಲ್ಲಿ ಬಂದು ಕುಳಿತಿರುವುದು ಸಂತೋಷದ ಸಂಗತಿ. ಏಕೆಂದರೆ ಮನೆಯ ಅಕ್ಕಿ ಯಾವುದು, ಎಣ್ಣೆ ಎಷ್ಟು, ಉಮ್ಮನನ್ನು ಯಾವಾಗ ವೈದ್ಯರ ಬಳಿಗೆ ಕರೆದೊಯ್ಯಬೇಕು ಎಂಬ ತೀರ್ಮಾನಗಳು ಹೆಚ್ಚಿನ ಮನೆಗಳಲ್ಲಿ ಇಂದಿಗೂ ಅವರ ಕೈಯಲ್ಲೇ ಇವೆ. ನಾನು ವೈದ್ಯನಲ್ಲ, ಪತ್ರಕರ್ತ. ಔಷಧದ ಪ್ರಮಾಣ ಹೇಳುವ ಅಧಿಕಾರ ನನಗಿಲ್ಲ. ಯಾವ ಮಾತಿಗೆ ಪುರಾವೆಯಿದೆ, ಯಾವ ಮಾತಿಗೆ ಕೇವಲ ಜಾಹೀರಾತಿದೆ ಎಂಬುದನ್ನು ಬೇರ್ಪಡಿಸಿ ನಿಮ್ಮ ಮುಂದಿಡುವುದಷ್ಟೇ ನನ್ನ ಉದ್ದೇಶ.

ಮೊದಲು ಒಂದು ಪದದ ವಿಚಾರ. ಅರಬಿ ಭಾಷೆಯಲ್ಲಿ ಈ ವಯಸ್ಸಿಗೆ 'ಸಿನ್ನುಲ್ ಯಅಸ್' ಎಂಬ ಹೆಸರಿದೆ. ನಿರಾಶೆಯ ವಯಸ್ಸು ಎಂಬುದು ಅದರ ಅಕ್ಷರಾರ್ಥ. ಫಿಕ್‌ಹ್ ಗ್ರಂಥಗಳಲ್ಲಿ ಈ ಪದವು ಇದ್ದತ್‌ನ ಲೆಕ್ಕಾಚಾರದ ಸಂದರ್ಭದಲ್ಲಿ ಬರುತ್ತದೆ. ಅಲ್ಲಿ ಅದರ ತಾತ್ಪರ್ಯ ಮುಟ್ಟಿನ ನಿರೀಕ್ಷೆ ಮುಗಿಯಿತು ಎಂದಷ್ಟೇ, ಬದುಕಿನ ನಿರೀಕ್ಷೆ ಮುಗಿಯಿತು ಎಂದಲ್ಲ. ಆದರೆ ಪದಗಳು ಗ್ರಂಥದಿಂದ ಮನೆಗೆ ಇಳಿಯುವಾಗ ಅರ್ಥವನ್ನು ಬದಲಿಸಿಕೊಳ್ಳುತ್ತವೆ. ಈಗ ಅರಬಿಯಲ್ಲಿ ಬರೆಯುವ ಕೆಲವರು ಅದನ್ನು 'ಸಿನ್ನುಲ್ ಅಮಲ್', ಅಂದರೆ ನಿರೀಕ್ಷೆಯ ವಯಸ್ಸು ಎಂದು ಕರೆಯತೊಡಗಿದ್ದಾರೆ. ನಮ್ಮಲ್ಲಿಯೂ 'ಇನ್ನೇನು, ವಯಸ್ಸಾಯಿತಲ್ಲ' ಎಂಬ ಒಂದೇ ಮಾತಿನಿಂದ ಎಷ್ಟೋ ಕಾಯಿಲೆಗಳು ತಪಾಸಣೆಯಿಲ್ಲದೆ ಮುಚ್ಚಿಹೋಗುತ್ತವೆ. ಭಾರತದ ಮಹಿಳೆಯರಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು ಸುಮಾರು 46. ಪಾಶ್ಚಾತ್ಯ ದೇಶಗಳಲ್ಲಿ ಅದು 51ರ ಆಸುಪಾಸು. 46 ಎಂಬುದು ವೃದ್ಧಾಪ್ಯವೇ? ಅದೇ ವಯಸ್ಸಿನ ಗಂಡಸು ಚುನಾವಣೆಗೆ ನಿಂತರೆ ಅವನನ್ನು ನಾವು ಯುವ ನಾಯಕನೆಂದು ಕರೆಯುತ್ತೇವೆ!

ಶರೀರದೊಳಗೆ ನಡೆಯುವುದೇನು? ಅಂಡಾಶಯಗಳು ಈಸ್ಟ್ರೋಜನ್ ಎಂಬ ಹಾರ್ಮೋನನ್ನು ಉತ್ಪಾದಿಸುವುದು ಕಡಿಮೆಯಾಗುತ್ತಾ ಕೊನೆಗೆ ಬಹುತೇಕ ನಿಂತುಹೋಗುತ್ತದೆ. ಈ ಹಾರ್ಮೋನಿಗೂ ಸಂತಾನಕ್ಕೂ ಮಾತ್ರ ಸಂಬಂಧ ಎಂಬ ತಿಳುವಳಿಕೆ ಸರಿಯಲ್ಲ. ರಕ್ತದಲ್ಲಿರುವ ಕೆಟ್ಟ ಕೊಲೆಸ್ಟ್ರಾಲನ್ನು ಹೀರಿ ತೆಗೆಯುವಂತೆ ಪಿತ್ತಜನಕಾಂಗಕ್ಕೆ ಅದು ನೆರವಾಗುತ್ತದೆ. ಕೊಬ್ಬು ಎಲ್ಲಿ ಶೇಖರಗೊಳ್ಳಬೇಕೆಂಬುದರಲ್ಲಿ ಅದರ ಪಾತ್ರವಿದೆ. ಮೂಳೆ ಸವೆಯದಂತೆ ಅದು ತಡೆಯುತ್ತದೆ. ಅದು ಹಿಂದೆ ಸರಿದಾಗ ಅದುವರೆಗೆ ಸೊಂಟ ಮತ್ತು ತೊಡೆಗಳಲ್ಲಿ ಸೇರುತ್ತಿದ್ದ ಕೊಬ್ಬು ಹೊಟ್ಟೆಯೊಳಗೆ, ಅಂಗಾಂಗಗಳ ಸುತ್ತ ಸೇರತೊಡಗುತ್ತದೆ. ತೂಕದ ಯಂತ್ರದಲ್ಲಿ ದೊಡ್ಡ ವ್ಯತ್ಯಾಸ ಕಾಣದಿದ್ದರೂ ಲಂಗದ ಲಾಡಿ ಬಿಗಿಯುತ್ತದೆ. ಹೊಟ್ಟೆಯೊಳಗಿನ ಈ ಕೊಬ್ಬು ಸುಮ್ಮನೆ ಕುಳಿತುಕೊಳ್ಳುವಂಥದ್ದಲ್ಲ. ಅದರಿಂದ ಹೊರಟ ಕೊಬ್ಬಿನಾಮ್ಲಗಳು ನೇರವಾಗಿ ಪಿತ್ತಜನಕಾಂಗವನ್ನು ತಲಪಿ ಇನ್ಸುಲಿನ್‌ನ ಕೆಲಸಕ್ಕೆ ಅಡ್ಡಿಯಾಗುತ್ತವೆ. ಇನ್ಸುಲಿನ್ ಇದ್ದೂ ಇಲ್ಲದಂತಾಗುತ್ತದೆ. ಸಕ್ಕರೆ ಏರುತ್ತದೆ, ಟ್ರೈಗ್ಲಿಸರೈಡ್ ಏರುತ್ತದೆ, ರಕ್ತದೊತ್ತಡವೂ ಜೊತೆಗೂಡುತ್ತದೆ. ರಾತ್ರಿ ಮೈ ಬಿಸಿಯೇರಿ ಬೆವರಿ ನಿದ್ದೆಗೆಡುವುದು ಇದನ್ನು ಮತ್ತಷ್ಟು ಕೆಡಿಸುತ್ತದೆ. ಅಮೆರಿಕದಲ್ಲಿ 1996ರಿಂದ ಸುಮಾರು ಮೂರು ಸಾವಿರಕ್ಕೂ ಹೆಚ್ಚು ಮಹಿಳೆಯರನ್ನು ವರ್ಷ ವರ್ಷವೂ ಪರೀಕ್ಷಿಸುತ್ತಾ ಬಂದ 'ಸ್ವಾನ್' ಎಂಬ ಅಧ್ಯಯನವು, ಕೊನೆಯ ಮುಟ್ಟಿನ ಹಿಂದು ಮುಂದಿನ ಒಂದು ವರ್ಷದಲ್ಲೇ ಕೆಟ್ಟ ಕೊಲೆಸ್ಟ್ರಾಲ್ ಜಿಗಿದು ಏರುತ್ತದೆ ಎಂದು ತೋರಿಸಿಕೊಟ್ಟಿತು. ಅದು ಕೇವಲ ವಯಸ್ಸಿನ ಏರಿಕೆಯಲ್ಲ. ಆ ಘಟ್ಟಕ್ಕೇ ಸೇರಿದ ಏರಿಕೆ.

ಹಾಗಿದ್ದರೆ ಇಲ್ಲವಾದ ಹಾರ್ಮೋನನ್ನು ಮಾತ್ರೆಯ ರೂಪದಲ್ಲಿ ಕೊಟ್ಟರಾಯಿತಲ್ಲ? ಈ ಪ್ರಶ್ನೆ ಸಹಜವಾದುದು. ಆದರೆ ಇದಕ್ಕೊಂದು ಇತಿಹಾಸವಿದೆ. ಅದನ್ನು ತುಸು ವಿವರವಾಗಿಯೇ ಹೇಳಬೇಕಾಗುತ್ತದೆ.

ಗರ್ಭಿಣಿ ಕುದುರೆಗಳ ಮೂತ್ರದಿಂದ ಬೇರ್ಪಡಿಸಿದ ಈಸ್ಟ್ರೋಜನ್‌ನ ಮಾತ್ರೆ ಪ್ರೆಮರಿನ್, 1942ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂತು. 1966ರಲ್ಲಿ ರಾಬರ್ಟ್ ವಿಲ್ಸನ್ ಎಂಬ ವೈದ್ಯ 'ಫೆಮಿನೈನ್ ಫಾರೆವರ್' ಎಂಬ ಪುಸ್ತಕ ಬರೆದು, ಋತುಬಂಧವು ಕೊರತೆಯ ರೋಗವೆಂದೂ ಹಾರ್ಮೋನ್ ಸೇವಿಸಿದರೆ ಹೆಣ್ಣು ಹೆಣ್ಣಾಗಿಯೇ ಉಳಿಯುವಳೆಂದೂ ಪ್ರಚಾರ ಮಾಡಿದ. ಪುಸ್ತಕ ಬಿಸಿದೋಸೆಯಂತೆ ಖರ್ಚಾಯಿತು. ಆತನ ಪ್ರತಿಷ್ಠಾನಕ್ಕೆ ಔಷಧ ಕಂಪೆನಿಗಳ ಹಣ ಹರಿದಿತ್ತು ಎಂಬುದು ಓದುಗರಿಗೆ ಗೊತ್ತಿರಲಿಲ್ಲ. 1975ರಲ್ಲಿ, ಈಸ್ಟ್ರೋಜನನ್ನು ಒಂಟಿಯಾಗಿ ಸೇವಿಸುವವರಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರ್ ಹೆಚ್ಚುತ್ತಿದೆ ಎಂಬ ವರದಿಗಳು ಬಂದಾಗ ಮಾರಾಟ ಕುಸಿಯಿತು. ಪ್ರೊಜೆಸ್ಟಿನ್ ಎಂಬ ಇನ್ನೊಂದು ಹಾರ್ಮೋನನ್ನು ಸೇರಿಸಿದರೆ ಆ ಅಪಾಯ ತಪ್ಪುತ್ತದೆಂದು ತಿಳಿದ ಬಳಿಕ ಮಾರುಕಟ್ಟೆ ಮತ್ತೆ ಚಿಗುರಿತು. ಈ ಬಾರಿ ಮಾತ್ರೆಗೆ ಹೊಸ ಉಡುಪು ತೊಡಿಸಲಾಯಿತು. ಬೆವರು, ಬಿಸಿಯೇರಿಕೆಗೆ ಮಾತ್ರವಲ್ಲ, ಹೃದಯ ಕಾಯಿಲೆ ಬರದಂತೆ ತಡೆಯಲಿಕ್ಕೂ ಇದನ್ನು ಜೀವನಪರ್ಯಂತ ಸೇವಿಸಬೇಕೆಂದು ಹೇಳಲಾಯಿತು. ಆರೋಗ್ಯವಂತ ಹೆಣ್ಣುಮಕ್ಕಳು ಕಾಯಿಲೆಯಿಲ್ಲದೆಯೇ ಔಷಧ ನುಂಗತೊಡಗಿದರು.

ಈ ವಾದವನ್ನು ಒರೆಗೆ ಹಚ್ಚಲು ಅಮೆರಿಕ ಸರಕಾರದ ಧನಸಹಾಯದಿಂದ 'ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್' ಎಂಬ ಬೃಹತ್ ಅಧ್ಯಯನ ಆರಂಭವಾಯಿತು. ಗರ್ಭಕೋಶವಿರುವ 16,608 ಮಹಿಳೆಯರಲ್ಲಿ ಅರ್ಧದಷ್ಟು ಮಂದಿಗೆ ಎರಡು ಹಾರ್ಮೋನ್‌ಗಳ ಮಾತ್ರೆ, ಉಳಿದವರಿಗೆ ಔಷಧವಿಲ್ಲದ ಹುಸಿ ಮಾತ್ರೆ. 2002ರ ಜುಲೈಯಲ್ಲಿ, ನಿಗದಿತ ಅವಧಿಗೆ ಮೊದಲೇ ಅದನ್ನು ನಿಲ್ಲಿಸಬೇಕಾಯಿತು. ಹತ್ತು ಸಾವಿರ ಮಹಿಳೆಯರು ಒಂದು ವರ್ಷ ಈ ಮಾತ್ರೆ ಸೇವಿಸಿದರೆ ಹೃದಯಾಘಾತದಂಥ ಪ್ರಕರಣಗಳು 7, ಪಾರ್ಶ್ವವಾಯು 8, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವಿಕೆ 8, ಸ್ತನ ಕ್ಯಾನ್ಸರ್ 8 ಹೆಚ್ಚುತ್ತವೆ, ದೊಡ್ಡ ಕರುಳಿನ ಕ್ಯಾನ್ಸರ್ 6 ಮತ್ತು ಸೊಂಟದ ಮೂಳೆ ಮುರಿತ 5 ಕಡಿಮೆಯಾಗುತ್ತವೆ ಎಂಬ ಲೆಕ್ಕ ಹೊರಬಿತ್ತು. ಹೃದಯವನ್ನು ಕಾಯುವುದೆಂದು ಕೊಟ್ಟ ಮಾತ್ರೆ ಹೃದಯವನ್ನು ಕಾಯಲಿಲ್ಲ. ಮಾತ್ರವಲ್ಲ, ಈ ಮಾತ್ರೆಗಳ ಪರವಾಗಿ ವೈದ್ಯಕೀಯ ಪತ್ರಿಕೆಗಳಲ್ಲಿ ಪ್ರಕಟವಾಗಿದ್ದ 26 ಪ್ರಬಂಧಗಳನ್ನು ತಯಾರಿಸಿದ್ದು ವಯೆತ್ ಕಂಪೆನಿ ಹಣ ಕೊಟ್ಟು ನೇಮಿಸಿದ್ದ ಬರಹಗಾರರು ಎಂಬುದು 2009ರಲ್ಲಿ ನ್ಯಾಯಾಲಯದ ದಾಖಲೆಗಳಿಂದ ಬಯಲಾಯಿತು. ಹೆಸರು ಪ್ರಾಧ್ಯಾಪಕರದ್ದು, ಬರಹ ಬಾಡಿಗೆಯದ್ದು. ಪತ್ರಿಕಾರಂಗದಲ್ಲಿ ಕಾಸಿಗಾಗಿ ಸುದ್ದಿ ಎಂದು ನಾವು ಯಾವುದನ್ನು ಖಂಡಿಸುತ್ತೇವೋ ಅದರ ವೈದ್ಯಕೀಯ ರೂಪವಿದು.

ಆದರೆ ಇಲ್ಲಿಗೆ ನಿಲ್ಲಿಸಿದರೆ ಅದು ಅರ್ಧಸತ್ಯವಾದೀತು. ಆ ಅಧ್ಯಯನದಲ್ಲಿದ್ದ ಮಹಿಳೆಯರ ಸರಾಸರಿ ವಯಸ್ಸು 63. ಮುಟ್ಟು ನಿಂತು ಹತ್ತು ವರ್ಷ ದಾಟಿದವರೇ ಹೆಚ್ಚು. ಆ ಸುದ್ದಿ ಕೇಳಿ ಹೆದರಿದ ವೈದ್ಯರು, ರಾತ್ರಿಯಿಡೀ ಬೆವರಿನಲ್ಲಿ ತೊಯ್ದು ಕಂಗಾಲಾಗಿದ್ದ 48ರ ಹೆಣ್ಣಿಗೂ ಔಷಧ ನಿರಾಕರಿಸಿದರು. ಅದೂ ಅನ್ಯಾಯವೇ. ಅದೇ ಅಧ್ಯಯನದ 18 ವರ್ಷಗಳ ಫಲಿತಾಂಶ 2017ರಲ್ಲಿ ಪ್ರಕಟವಾದಾಗ, ಹಾರ್ಮೋನ್ ಸೇವಿಸಿದವರಲ್ಲಿ ಒಟ್ಟು ಸಾವುಗಳ ಸಂಖ್ಯೆ ಹೆಚ್ಚಿರಲಿಲ್ಲ ಎಂದು ಕಂಡುಬಂತು. 2025ರ ನವೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಈ ಔಷಧಗಳ ಮೇಲಿದ್ದ ಕಪ್ಪು ಚೌಕಟ್ಟಿನ ಎಚ್ಚರಿಕೆಗಳಲ್ಲಿ ಹೆಚ್ಚಿನವನ್ನು ತೆಗೆಯಿಸುವುದಾಗಿ ಘೋಷಿಸಿತು. ಮೈ ಬಿಸಿಯೇರಿಕೆ, ಬೆವರು, ಯೋನಿಯ ಶುಷ್ಕತೆ ಇವುಗಳಿಗೆ ಇಂದಿಗೂ ಹಾರ್ಮೋನಿನಷ್ಟು ಪರಿಣಾಮಕಾರಿಯಾದ ಔಷಧ ಬೇರೊಂದಿಲ್ಲ. ಅರುವತ್ತರೊಳಗಿನ, ಸ್ತನ ಕ್ಯಾನ್ಸರ್ ಅಥವಾ ರಕ್ತ ಹೆಪ್ಪುಗಟ್ಟುವಿಕೆಯ ಹಿನ್ನೆಲೆಯಿಲ್ಲದ ಮಹಿಳೆಗೆ ವೈದ್ಯರು ಅದನ್ನು ಬರೆದುಕೊಟ್ಟರೆ ಹೆದರಿ ಎಸೆಯಬೇಕಾಗಿಲ್ಲ.

ಪ್ರಶ್ನೆಯಿರುವುದು ಬೇರೆ ಕಡೆ. ಸಕ್ಕರೆ ಕಾಯಿಲೆ, ಕೊಲೆಸ್ಟ್ರಾಲ್, ಹೊಟ್ಟೆಯ ಬೊಜ್ಜು, ರಕ್ತದೊತ್ತಡ ಇವುಗಳನ್ನು ತಡೆಯಲು ಹಾರ್ಮೋನ್ ಸೇವಿಸಬೇಕೇ? ಅದೇ ಅಧ್ಯಯನದಲ್ಲಿ ಹಾರ್ಮೋನ್ ಪಡೆದವರಲ್ಲಿ ಸಕ್ಕರೆ ಕಾಯಿಲೆ ಐದನೇ ಒಂದರಷ್ಟು ಕಡಿಮೆ ಕಂಡುಬಂದದ್ದು ನಿಜ. ಆದರೂ ಆ ಒಂದೇ ಉದ್ದೇಶಕ್ಕೆ ಅದನ್ನು ಸೇವಿಸಬೇಕೆಂದು ಯಾವ ಪ್ರಮುಖ ವೈದ್ಯಕೀಯ ಮಂಡಳಿಯೂ ಹೇಳುವುದಿಲ್ಲ. ದೀರ್ಘಕಾಲದ ರೋಗಗಳನ್ನು ತಡೆಯಲು ಹಾರ್ಮೋನ್ ಬೇಡವೆಂದು ಅಮೆರಿಕದ ರೋಗತಡೆ ತಜ್ಞರ ಕಾರ್ಯಪಡೆ 2022ರಲ್ಲಿ ಮತ್ತೊಮ್ಮೆ ಹೇಳಿತು. ಒಂದು ಲಾಭಕ್ಕಾಗಿ ಪಾರ್ಶ್ವವಾಯುವಿನ ಅಪಾಯವನ್ನು ಮೈಮೇಲೆಳೆದುಕೊಳ್ಳುವುದು ಏಕೆ, ಅದೇ ಲಾಭ ಬೇರೆ ದಾರಿಯಿಂದ ಸಿಗುವುದಾದರೆ?

ಬೇರೆ ದಾರಿ ಇದೆ. ವಿಶೇಷವೇನೆಂದರೆ ಅದು ಸಾಬೀತಾದದ್ದೂ ಅದೇ 2002ರಲ್ಲಿ. ಆ ವರ್ಷದ ಫೆಬ್ರವರಿಯಲ್ಲಿ, ಅಂದರೆ ಹಾರ್ಮೋನ್ ಸುದ್ದಿ ಸ್ಫೋಟಿಸುವುದಕ್ಕೆ ಐದು ತಿಂಗಳ ಮೊದಲು, 'ಡಯಾಬಿಟೀಸ್ ಪ್ರಿವೆನ್ಷನ್ ಪ್ರೋಗ್ರಾಮ್' ಎಂಬ ಅಧ್ಯಯನ ಪ್ರಕಟವಾಯಿತು. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 3,234 ಮಂದಿ. ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆ ಮತ್ತು ಆಹಾರದ ನಿಯಂತ್ರಣದಿಂದ ದೇಹತೂಕದ ಶೇ. 7ರಷ್ಟನ್ನು ಇಳಿಸುವ ಗುರಿ ಹೊಂದಿದವರಲ್ಲಿ ಕಾಯಿಲೆ ಶೇ. 58ರಷ್ಟು ತಗ್ಗಿತು. ಮೆಟ್‌ಫಾರ್ಮಿನ್ ಮಾತ್ರೆ ಸೇವಿಸಿದವರಲ್ಲಿ ಶೇ. 31. ಅಂದರೆ ಕಾಲು ಮಾತ್ರೆಯನ್ನು ಸೋಲಿಸಿತು! ಜುಲೈಯ ಸುದ್ದಿ ಜಗತ್ತಿನ ಮುಖಪುಟಗಳಲ್ಲಿ ತಿಂಗಳುಗಟ್ಟಲೆ ಉಳಿಯಿತು. ಫೆಬ್ರವರಿಯ ಸುದ್ದಿ ನಮ್ಮ ಅಡುಗೆಮನೆಗಳಿಗೆ ಇನ್ನೂ ತಲಪಿಲ್ಲ. ನಡಿಗೆಗೆ ಮಾರಾಟ ಪ್ರತಿನಿಧಿಗಳಿಲ್ಲವಲ್ಲ.

ಅದು ಅಮೆರಿಕದ ಮಾತು, ನಮ್ಮ ಶರೀರ ಬೇರೆ ಎನ್ನುವವರಿದ್ದಾರೆ. ಆಕ್ಷೇಪ ಅರ್ಥಪೂರ್ಣವೇ. ದಕ್ಷಿಣ ಏಷ್ಯಾದವರಿಗೆ ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆ ಅಂಟಿಕೊಳ್ಳುತ್ತದೆ. ಆದರೆ ಚೆನ್ನೈಯಲ್ಲಿ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು 531 ಮಂದಿಯ ಮೇಲೆ ನಡೆಸಿ 2006ರಲ್ಲಿ ಪ್ರಕಟಿಸಿದ ಭಾರತೀಯ ಅಧ್ಯಯನವಿದೆ. ಮೂರು ವರ್ಷಗಳಲ್ಲಿ, ಏನೂ ಮಾಡದವರಲ್ಲಿ ಶೇ. 55 ಮಂದಿ ಸಕ್ಕರೆ ರೋಗಿಗಳಾದರು. ಜೀವನಕ್ರಮ ಬದಲಿಸಿಕೊಂಡವರಲ್ಲಿ ಶೇ. 39.3, ಮೆಟ್‌ಫಾರ್ಮಿನ್ ಸೇವಿಸಿದವರಲ್ಲಿ ಶೇ. 40.5. ಎರಡನ್ನೂ ಮಾಡಿದವರಿಗೆ ಹೆಚ್ಚುವರಿ ಲಾಭವೇನೂ ಕಾಣಲಿಲ್ಲ. ಚೀನಾದ ಡಾಚಿಂಗ್ ನಗರದಲ್ಲಿ 1986ರಲ್ಲಿ 577 ಮಂದಿಯೊಂದಿಗೆ ಆರಂಭವಾದ ಪ್ರಯೋಗವನ್ನು 30 ವರ್ಷಗಳವರೆಗೆ ಬೆನ್ನಟ್ಟಲಾಯಿತು. ಕೇವಲ ಆರು ವರ್ಷ ಆಹಾರ ಮತ್ತು ವ್ಯಾಯಾಮದಲ್ಲಿ ಶಿಸ್ತು ಪಾಲಿಸಿದವರಿಗೆ ಕಾಯಿಲೆ ಬರುವುದು ಸರಾಸರಿ ನಾಲ್ಕು ವರ್ಷ ಮುಂದೆ ಹೋಯಿತು, ಹೃದ್ರೋಗದ ಸಾವುಗಳೂ ಕಡಿಮೆಯಾದವು.

ಋತುಬಂಧದ ಘಟ್ಟದ ಮಹಿಳೆಯರನ್ನೇ ಗುರಿಯಾಗಿಸಿದ ಪ್ರಯೋಗ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ನಡೆಯಿತು. 44ರಿಂದ 50 ವರ್ಷದ, ಇನ್ನೂ ಮುಟ್ಟು ನಿಲ್ಲದ 535 ಮಹಿಳೆಯರು. ನಾಲ್ಕೂವರೆ ವರ್ಷಗಳ ಬಳಿಕ, ಆಹಾರ ಮತ್ತು ನಡಿಗೆಯ ತರಬೇತಿ ಪಡೆದವರಲ್ಲಿ ಶೇ. 55 ಮಂದಿ ಆರಂಭದ ತೂಕವನ್ನು ಮೀರಿರಲಿಲ್ಲ. ತರಬೇತಿಯಿಲ್ಲದವರಲ್ಲಿ ಇಂಥವರು ಶೇ. 26 ಮಾತ್ರ. ಮುಟ್ಟು ನಿಲ್ಲುವುದಕ್ಕೆ ಮೊದಲೇ ಆರಂಭಿಸಿದರೆ ಹೊಟ್ಟೆ ಬೆಳೆಯುವುದನ್ನು ತಡೆಯಬಹುದು ಎಂಬುದಕ್ಕೆ ಇದಕ್ಕಿಂತ ನೇರವಾದ ಪುರಾವೆ ಬೇಕಿಲ್ಲ.

ಈಗ ನಮ್ಮ ಊಟದ ತಟ್ಟೆಯ ಕಡೆಗೆ ಬರೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 10.1 ಕೋಟಿ ಸಕ್ಕರೆ ರೋಗಿಗಳಿದ್ದಾರೆ, 13.6 ಕೋಟಿ ಮಂದಿ ಅದರ ಹೊಸ್ತಿಲಲ್ಲಿದ್ದಾರೆ. ಇದು 2023ರಲ್ಲಿ ಪ್ರಕಟವಾದ ಲೆಕ್ಕ. ಅದೇ ಸಮೀಕ್ಷೆಯ 2025ರ ವರದಿಯಂತೆ ಭಾರತೀಯರು ಪಡೆಯುವ ಶಕ್ತಿಯ ಶೇ. 62 ಭಾಗ ಅಕ್ಕಿ, ಗೋಧಿ, ಸಕ್ಕರೆ ಮುಂತಾದ ಪಿಷ್ಟಗಳಿಂದಲೇ ಬರುತ್ತದೆ. ನಮ್ಮ ಕರಾವಳಿಯ ಮನೆಗಳನ್ನೇ ನೋಡಿ. ಬೆಳಗ್ಗೆ ನೀರುದೋಸೆ ಅಥವಾ ರೊಟ್ಟಿ, ಮಧ್ಯಾಹ್ನ ಅನ್ನ, ಸಂಜೆ ಸಿಹಿ ಚಹಾದೊಂದಿಗೆ ಮೈದಾದ ತಿಂಡಿ, ರಾತ್ರಿ ಮತ್ತೆ ಅನ್ನ ಅಥವಾ ಪರೋಟ. ಗೋಧಿಗೆ ಬದಲಾಯಿಸಿದರೆ ಸಾಕೆಂಬ ಭ್ರಮೆಯಿದೆ. ಅನ್ನದ ಬದಲು ಅಷ್ಟೇ ಚಪಾತಿ ತಿಂದರೆ ದೊಡ್ಡ ವ್ಯತ್ಯಾಸವೇನೂ ಆಗದು. ಬದಲಾಗಬೇಕಾದುದು ಪ್ರಮಾಣ. ಅನ್ನ ತಟ್ಟೆಯ ಕಾಲು ಭಾಗಕ್ಕೆ ಇಳಿಯಬೇಕು, ಅರ್ಧ ತಟ್ಟೆ ಬಸಳೆ, ಅಲಸಂಡೆ, ಹಾಗಲ, ಹರಿವೆಯಂಥ ತರಕಾರಿ ಸೊಪ್ಪುಗಳಿಗೆ ಮೀಸಲಾಗಬೇಕು, ಉಳಿದ ಕಾಲು ಭಾಗ ಬೇಳೆ, ಹುರುಳಿ, ಮೊಟ್ಟೆ ಅಥವಾ ಮೀನಿಗೆ. ಇಲ್ಲಿ ನಮಗೊಂದು ಅನುಕೂಲವಿದೆ. ಬೂತಾಯಿ ಮತ್ತು ಬಂಗುಡೆ ಬಡವರ ಮೀನುಗಳು. ಆದರೆ ಹೃದಯಕ್ಕೆ ಒಳ್ಳೆಯದೆಂದು ದುಬಾರಿ ಗುಳಿಗೆಗಳಲ್ಲಿ ಮಾರುವ ಒಮೆಗಾ-3 ಕೊಬ್ಬು ಅವುಗಳಲ್ಲಿ ಧಾರಾಳವಾಗಿದೆ. ಹುರಿದು ಎಣ್ಣೆಯಲ್ಲಿ ಮುಳುಗಿಸುವ ಬದಲು ಪುಳಿಮುಂಚಿ ಮಾಡಿದರೆ ಇನ್ನೂ ಉತ್ತಮ. ಇನ್ನೊಂದು ವಿಚಾರವನ್ನು ಗಂಡಸರು ಕೇಳಿಸಿಕೊಳ್ಳಬೇಕು: ಎಲ್ಲರೂ ಉಂಡ ಬಳಿಕ ಉಣ್ಣುವ ಹೆಣ್ಣಿನ ಪಾಲಿಗೆ ಉಳಿಯುವುದು ಅನ್ನ ಮತ್ತು ಸಾರು. ಮೀನಿನ ತುಂಡುಗಳು ಆಗಲೇ ಖಾಲಿಯಾಗಿರುತ್ತವೆ. ಸ್ನಾಯು ಮತ್ತು ಮೂಳೆ ಸವೆಯುವ ವಯಸ್ಸಿನಲ್ಲಿ ಪ್ರೋಟೀನ್ ಅತಿ ಹೆಚ್ಚು ಬೇಕಾಗಿರುವುದು ಆಕೆಗೇ.

ಮನೆಗೆಲಸವೇ ವ್ಯಾಯಾಮವಲ್ಲವೇ ಎಂದು ಕೇಳುವವರಿದ್ದಾರೆ. ಮಿಕ್ಸಿ, ಗ್ಯಾಸ್, ನಳ್ಳಿ ನೀರು ಬಂದ ಮೇಲೆ ಮನೆಗೆಲಸದಲ್ಲಿ ದಣಿವು ಉಳಿಯಿತು, ವ್ಯಾಯಾಮ ಹೋಯಿತು. ದಕ್ಷಿಣ ಕನ್ನಡದ ಸಾವಿರಾರು ಮನೆಗಳಲ್ಲಿ ಹೆಣ್ಣುಮಕ್ಕಳು ಮಡಿಲಲ್ಲಿ ಮೊರವಿಟ್ಟುಕೊಂಡು ಬೀಡಿ ಕಟ್ಟುತ್ತಾ ಬದುಕು ಸವೆಸಿದ್ದಾರೆ. ಬೆರಳು ದುಡಿಯುತ್ತದೆ, ಶರೀರ ಕುಳಿತಲ್ಲೇ ಇರುತ್ತದೆ. ಸಕ್ಕರೆಯನ್ನು ಬಳಸಿಕೊಳ್ಳುವ ಅತಿದೊಡ್ಡ ಅಂಗವೆಂದರೆ ಸ್ನಾಯು. ಸ್ನಾಯುವಿಗೆ ಭಾರ ಬೇಕು. ಊಟದ ಬಳಿಕ ಹತ್ತು ಹದಿನೈದು ನಿಮಿಷ ನಡೆದರೆ ಏರುವ ಸಕ್ಕರೆಗೆ ಕಡಿವಾಣ ಬೀಳುತ್ತದೆ. ಅದರ ಜೊತೆಗೆ ವಾರಕ್ಕೆ ಎರಡು ದಿನ, ಕುರ್ಚಿಯಿಂದ ಕೈ ಊರದೆ ಎದ್ದು ಕುಳಿತುಕೊಳ್ಳುವುದು, ಗೋಡೆಗೆ ಕೈಯೂರಿ ದೂಡುವುದು, ನೀರು ತುಂಬಿದ ಬಾಟಲಿಗಳನ್ನು ಎತ್ತಿಳಿಸುವುದು ಮುಂತಾದುವನ್ನು ಮಾಡಬಹುದು. ಆಸ್ಟ್ರೇಲಿಯಾದಲ್ಲಿ ಮೂಳೆ ತೆಳುವಾಗಿದ್ದ 101 ಮಹಿಳೆಯರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಾರಕ್ಕೆರಡು ಬಾರಿ ಅರ್ಧ ಗಂಟೆ, ತರಬೇತುದಾರರ ಕಣ್ಣೆದುರಿನಲ್ಲಿ ಭಾರ ಎತ್ತಿದವರ ಬೆನ್ನುಮೂಳೆಯ ಸಾಂದ್ರತೆ ಎಂಟು ತಿಂಗಳಲ್ಲಿ ಶೇ. 2.9 ಹೆಚ್ಚಿತು. ಹಗುರ ವ್ಯಾಯಾಮ ಮಾಡಿದವರಲ್ಲಿ ಅದು ಶೇ. 1.2 ಇಳಿಯಿತು. ಮೂಳೆ ಈಗಾಗಲೇ ಸವೆದವರು ತಾವಾಗಿಯೇ ದೊಡ್ಡ ಭಾರಕ್ಕೆ ಕೈ ಹಾಕಬಾರದು ಎಂಬುದನ್ನೂ ಜೊತೆಗೇ ಹೇಳುತ್ತೇನೆ.

ನಡೆಯಿರಿ ಎನ್ನುವುದು ಸುಲಭ. ಎಲ್ಲಿ ನಡೆಯಬೇಕು? ನಮ್ಮ ಊರುಗಳಲ್ಲಿ ಕಾಲುದಾರಿಯಿಲ್ಲ, ಇದ್ದರೂ ಅದರ ಮೇಲೆ ಬೈಕ್ ನಿಂತಿರುತ್ತದೆ, ಹೆಣ್ಣು ಒಂಟಿಯಾಗಿ ನಡೆದರೆ ನೂರು ಕಣ್ಣುಗಳು. ಆದರೆ ನಮ್ಮ ಶಾಲೆಗಳ, ಮದ್ರಸಗಳ ಆಟದ ಮೈದಾನಗಳಿಗೆ ಆವರಣಗೋಡೆಯಿದೆ, ಗೇಟಿದೆ. ಮುಂಜಾನೆ ಆರರಿಂದ ಏಳರವರೆಗೆ ಅವು ಖಾಲಿಯಾಗಿರುತ್ತವೆ. ಆ ಒಂದು ಗಂಟೆಯನ್ನು ಮಹಿಳೆಯರಿಗಾಗಿ ಬಿಟ್ಟುಕೊಡಲು ಆಡಳಿತ ಸಮಿತಿಗಳಿಗೆ ಏನು ಕಷ್ಟ? ಸಭಾಭವನಕ್ಕೆ ಲಕ್ಷಗಟ್ಟಲೆ ಸಂಗ್ರಹಿಸುವ ನಮಗೆ ಒಂದು ಬೀಗದ ಕೈ ಕೊಡಲು ನಿರ್ಣಯ ಬೇಕೇ?

ಜೀವನಕ್ರಮ ಬದಲಾದರೆ ಎಲ್ಲವೂ ಸರಿಹೋಗುತ್ತದೆಂದು ನಾನು ಹೇಳುತ್ತಿಲ್ಲ. ಹಲವರಿಗೆ ಔಷಧ ಬೇಕಾಗುತ್ತದೆ. ಕೊಲೆಸ್ಟ್ರಾಲಿಗೆ ಸ್ಟಾಟಿನ್, ಸಕ್ಕರೆಗೆ ಮೆಟ್‌ಫಾರ್ಮಿನ್, ರಕ್ತದೊತ್ತಡಕ್ಕೆ ಅದರದ್ದೇ ಮಾತ್ರೆಗಳು. ಇವು ಹಳೆಯ, ಅಗ್ಗದ, ಜನೌಷಧಿ ಕೇಂದ್ರಗಳಲ್ಲಿ ಸಿಗುವ ಔಷಧಗಳು. ಬಸಿರಿನ ಕಾಲದಲ್ಲಿ ಸಕ್ಕರೆ ಕಾಯಿಲೆ ಬಂದಿದ್ದವರು ಅದನ್ನು ವೈದ್ಯರಿಗೆ ಮರೆಯದೆ ತಿಳಿಸಬೇಕು. ಅಂಥವರಲ್ಲಿ ಮೆಟ್‌ಫಾರ್ಮಿನ್ ಅಪಾಯವನ್ನು ಅರ್ಧದಷ್ಟು ತಗ್ಗಿಸಿತೆಂದು ನಾನಾಗಲೇ ಹೇಳಿದ ಅಮೆರಿಕದ ಅಧ್ಯಯನವೇ ಕಂಡುಕೊಂಡಿದೆ. ಹೆರಿಗೆಯಾಗಿ ಇಪ್ಪತ್ತು ವರ್ಷವಾದ ಮೇಲೆ ಯಾವ ವೈದ್ಯರೂ ಅದನ್ನು ಕೇಳುವುದಿಲ್ಲ. ತೂಕ ಇಳಿಸುವ ಹೊಸ ಚುಚ್ಚುಮದ್ದುಗಳು 2025ರಲ್ಲಿ ಭಾರತಕ್ಕೂ ಬಂದಿವೆ. ಪರಿಣಾಮಕಾರಿ ನಿಜ. ಆದರೆ ಕೊಬ್ಬಿನೊಂದಿಗೆ ಸ್ನಾಯುವನ್ನೂ ಕರಗಿಸುತ್ತವೆ, ನಿಲ್ಲಿಸಿದರೆ ತೂಕ ಮರಳುತ್ತದೆ. ಮೂಳೆಗೆಂದು ಕೊಡುವ ರಾಲಾಕ್ಸಿಫೀನ್ ಹೃದಯವನ್ನೂ ಕಾಯಬಹುದೆಂಬ ಆಸೆ ಇತ್ತು. 10,101 ಮಹಿಳೆಯರ ಮೇಲೆ ನಡೆದು 2006ರಲ್ಲಿ ಹೊರಬಂದ ಅಧ್ಯಯನ ಆ ಆಸೆಯನ್ನು ಹುಸಿಗೊಳಿಸಿತು.

ಇನ್ನುಳಿದದ್ದು 'ನೈಸರ್ಗಿಕ' ಎಂಬ ಹಣೆಪಟ್ಟಿಯ ವ್ಯಾಪಾರ. ಹಾರ್ಮೋನ್ ಹೆಸರು ಕೇಳಿ ಹೆದರಿದವರನ್ನು ಹಿಡಿಯಲು ಬಲೆ ಸಿದ್ಧವಾಗಿದೆ. ಸೋಯಾದಲ್ಲಿ ಈಸ್ಟ್ರೋಜನ್‌ನಂಥ ಅಂಶವಿದೆ ಎಂಬುದು ಸತ್ಯ. ಆದರೆ ಅಮೆರಿಕದ ಹೃದಯ ಸಂಘವು 2006ರಲ್ಲಿ ಎಲ್ಲ ಅಧ್ಯಯನಗಳನ್ನು ಪರಿಶೀಲಿಸಿ, ಸೋಯಾ ಪ್ರೋಟೀನ್‌ನಿಂದ ಕೆಟ್ಟ ಕೊಲೆಸ್ಟ್ರಾಲ್ ಇಳಿಯುವುದು ಶೇ. 3ರಷ್ಟು ಮಾತ್ರ ಎಂದು ಹೇಳಿತು. ಸೋಯಾ ತಿನ್ನಿ, ತಪ್ಪಿಲ್ಲ. ಅದು ಔಷಧವಲ್ಲ. ಬ್ಲ್ಯಾಕ್ ಕೊಹೋಶ್ ಎಂಬ ವಿದೇಶಿ ಬೇರಿನ ಗುಳಿಗೆಗಳು ಬಿಸಿಯೇರಿಕೆಗೂ ಪ್ರಯೋಜನವಾಗಲಿಲ್ಲ, ಕೆಲವರಲ್ಲಿ ಪಿತ್ತಜನಕಾಂಗಕ್ಕೆ ಹಾನಿಯಾದ ವರದಿಗಳಿವೆ. ಮೆಂತ್ಯೆಯ ನಾರು ಸಕ್ಕರೆ ಏರುವುದನ್ನು ನಿಧಾನಿಸುತ್ತದೆ ಎಂದು ಹೈದರಾಬಾದಿನ ರಾಷ್ಟ್ರೀಯ ಪೋಷಕಾಂಶ ಸಂಸ್ಥೆಯ ಸಣ್ಣ ಅಧ್ಯಯನಗಳು ತೋರಿಸಿವೆ. ಊಟದ ಭಾಗವಾಗಿ ಅದು ಇರಲಿ, ಆದರೆ ಅದನ್ನು ನಂಬಿ ವೈದ್ಯರು ಕೊಟ್ಟ ಮಾತ್ರೆ ಬಿಡಬಾರದು. ವಿಟಮಿನ್ ಡಿ ಕೊರತೆ ನಮ್ಮ ದೇಶದ ಎಲ್ಲ ಸಮುದಾಯಗಳಲ್ಲೂ ವ್ಯಾಪಕವಾಗಿದೆ. ಮನೆಯೊಳಗೇ ಇರುವವರಲ್ಲಿ ಅದನ್ನು ಸರಿಪಡಿಸಿದರೆ ಮೂಳೆಗೆ ಒಳ್ಳೆಯದು. ಅದರಿಂದ ಸಕ್ಕರೆ ಕಾಯಿಲೆ ತಡೆಯಬಹುದೇ ಎಂದು 2,423 ಮಂದಿಯ ಮೇಲೆ ಪರೀಕ್ಷಿಸಿದಾಗ, 2019ರಲ್ಲಿ ಬಂದ ಉತ್ತರ ನಿರಾಶಾದಾಯಕವಾಗಿತ್ತು.

ಒಂದು ಗುಂಪಿನ ಮಹಿಳೆಯರನ್ನು ಮಾತ್ರ ನಾನು ಈವರೆಗಿನ ಮಾತಿನಿಂದ ಹೊರಗಿಡಬೇಕು. ಗರ್ಭಕೋಶದೊಂದಿಗೆ ಅಂಡಾಶಯಗಳನ್ನೂ ಕಳೆದುಕೊಂಡವರು. ಅವರಲ್ಲಿ ಹಾರ್ಮೋನ್ ನಿಧಾನವಾಗಿ ಇಳಿಯುವುದಿಲ್ಲ, ಒಂದೇ ದಿನದಲ್ಲಿ ನಿಂತುಹೋಗುತ್ತದೆ. 35ರಲ್ಲೋ 38ರಲ್ಲೋ ಹೀಗಾದವರಿಗೆ ಬೇರೆ ತಡೆಗಳಿಲ್ಲದಿದ್ದರೆ, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗಾದರೂ ಹಾರ್ಮೋನ್ ಕೊಡಬೇಕೆಂಬುದು ವೈದ್ಯಲೋಕದ ಸಾಮಾನ್ಯ ನಿಲುವು. ಇಲ್ಲದಿದ್ದರೆ ಹೃದಯ ಮತ್ತು ಮೂಳೆ ಎರಡಕ್ಕೂ ಅಪಾಯ. ಅಂಡಾಶಯವನ್ನು ಉಳಿಸಿ ಗರ್ಭಕೋಶ ಮಾತ್ರ ತೆಗೆದರೂ ಋತುಬಂಧ ಬೇಗ ಬರುವ ಸಾಧ್ಯತೆಯಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳಂತೆ ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 3ಕ್ಕಿಂತ ಹೆಚ್ಚು ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದಾರೆ. ನೆರೆಯ ಆಂಧ್ರಪ್ರದೇಶ ಮತ್ತು ತೆಲಂಗಾಣಗಳಲ್ಲಿ ಈ ಪ್ರಮಾಣ ಇನ್ನೂ ಎಷ್ಟೋ ಹೆಚ್ಚು. ಹೊಟ್ಟೆನೋವೆಂದು ಹೋದ ಬಡ ಹೆಣ್ಣಿಗೆ ಕ್ಯಾನ್ಸರಿನ ಭಯ ತೋರಿಸಿ ಗರ್ಭಕೋಶ ತೆಗೆದ ದೂರುಗಳು ಕಲಬುರಗಿ ಜಿಲ್ಲೆಯ ತಾಂಡಾಗಳಿಂದ ಕೇಳಿಬಂದು 2015ರಲ್ಲಿ ರಾಜ್ಯದಾದ್ಯಂತ ಸುದ್ದಿಯಾದುದು ನಿಮಗೆ ನೆನಪಿರಬಹುದು. ರಾಜಸ್ಥಾನ, ಬಿಹಾರ, ಛತ್ತೀಸ್‌ಗಢಗಳ ಇಂಥದೇ ಪ್ರಕರಣಗಳ ಕುರಿತು ಡಾ. ನರೇಂದ್ರ ಗುಪ್ತಾ ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟು 2023ರ ಎಪ್ರಿಲ್‌ನಲ್ಲಿ, ಕೇಂದ್ರ ಸರಕಾರ ಸಿದ್ಧಪಡಿಸಿದ ಮಾರ್ಗಸೂಚಿಗಳನ್ನು ಮೂರು ತಿಂಗಳೊಳಗೆ ಜಾರಿಗೆ ತರುವಂತೆ ರಾಜ್ಯಗಳಿಗೆ ಆದೇಶಿಸಿತು. ಅನಗತ್ಯವಾಗಿ ತೆಗೆದವರು ಬಿಲ್ಲು ಪಡೆದು ಹೋದರು. ಮುಂದಿನ ಹದಿನೈದು ವರ್ಷಗಳ ಸಕ್ಕರೆ, ಕೊಲೆಸ್ಟ್ರಾಲ್, ಮುರಿದ ಸೊಂಟ ಇವೆಲ್ಲ ಆಕೆಯ ಪಾಲು. ಶಸ್ತ್ರಚಿಕಿತ್ಸೆಯ ಸಲಹೆ ಬಂದಾಗ ಎರಡನೆಯ ವೈದ್ಯರ ಅಭಿಪ್ರಾಯ ಕೇಳಿ. ಅಂಡಾಶಯ ಉಳಿಸುವಿರೋ ತೆಗೆಯುವಿರೋ ಎಂದು ಸ್ಪಷ್ಟವಾಗಿ ಪ್ರಶ್ನಿಸಿ, ಡಿಸ್ಚಾರ್ಜ್ ಚೀಟಿಯಲ್ಲಿ ಅದನ್ನು ಬರೆಸಿಕೊಳ್ಳಿ.

ಸರಕಾರಗಳ ಹೊಣೆಯೂ ಇಲ್ಲಿದೆ. ಬಸುರಿ, ಬಾಣಂತಿಗಾಗಿ ಯೋಜನೆಗಳಿವೆ. ಅವು ಬೇಕು, ಅವುಗಳಿಂದ ಜೀವಗಳು ಉಳಿದಿವೆ. ಆದರೆ ಹೆರುವ ವಯಸ್ಸು ದಾಟಿದ ಹೆಣ್ಣು ಯೋಜನೆಯ ಕಣ್ಣಿನಿಂದ ಮರೆಯಾಗುತ್ತಾಳೆ. ನಾನು ಈಗಷ್ಟೇ ಉಲ್ಲೇಖಿಸಿದ ಸಮೀಕ್ಷೆಯ ಮಹಿಳಾ ಪ್ರಶ್ನಾವಳಿಯೂ 49ಕ್ಕೆ ಮುಗಿಯುತ್ತದೆ. 50 ತುಂಬಿದಾಕೆಯ ರಕ್ತದೊತ್ತಡ, ಸಕ್ಕರೆಯನ್ನು ಅಳೆದುಕೊಂಡು ಹೋಗುತ್ತಾರೆ, ಆಕೆಯನ್ನು ಪ್ರಶ್ನೆ ಕೇಳುವುದಿಲ್ಲ.

ಇಷ್ಟಾದರೂ ಇರುವ ವ್ಯವಸ್ಥೆಯನ್ನು ನಾವು ಬಳಸಿಕೊಂಡಿದ್ದೇವೆಯೇ? 30 ದಾಟಿದ ಎಲ್ಲರ ರಕ್ತದೊತ್ತಡ ಮತ್ತು ಸಕ್ಕರೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಪರೀಕ್ಷಿಸಬೇಕೆಂಬುದು ಸರಕಾರದ ಕಾರ್ಯಕ್ರಮವೇ ಆಗಿದೆ. ಮನೆಗೆ ಬರುವ ಆಶಾ ಕಾರ್ಯಕರ್ತೆಯ ನಮೂನೆಯಲ್ಲಿ ಸೊಂಟದ ಸುತ್ತಳತೆಗೆ ಒಂದು ಜಾಗವಿದೆ. ಹೆಂಗಸರಿಗೆ 80 ಸೆಂಟಿಮೀಟರ್ ಅದರ ಗಡಿ. ಆಶಾ ಬಂದಾಗ 'ನಮಗೇನೂ ಕಾಯಿಲೆಯಿಲ್ಲ' ಎಂದು ಬಾಗಿಲಿನಿಂದಲೇ ಕಳುಹಿಸುವುದನ್ನು ಬಿಟ್ಟು ಒಳಗೆ ಕರೆಯಿರಿ. ವೈದ್ಯರ ಬಳಿ ಹೋದಾಗ ಖಾಲಿ ಹೊಟ್ಟೆಯ ಸಕ್ಕರೆ, ಮೂರು ತಿಂಗಳ ಸರಾಸರಿ ಸಕ್ಕರೆ, ಕೊಲೆಸ್ಟ್ರಾಲ್ ಇವುಗಳ ಜೊತೆಗೆ ಥೈರಾಯ್ಡ್ ಪರೀಕ್ಷೆಯ ಬಗ್ಗೆಯೂ ವಿಚಾರಿಸಿ. ದಣಿವು, ತೂಕ ಏರಿಕೆ ಎಲ್ಲವನ್ನೂ ಋತುಬಂಧದ ತಲೆಗೆ ಕಟ್ಟಿದಾಗ ಥೈರಾಯ್ಡ್ ತಪ್ಪಿಸಿಕೊಳ್ಳುವುದುಂಟು. ಮುಟ್ಟು ನಿಂತು ಒಂದು ವರ್ಷ ಕಳೆದ ಬಳಿಕ ಮತ್ತೆ ರಕ್ತ ಕಂಡರೆ, ಒಂದೇ ಹನಿಯಾದರೂ ಸರಿ, ನಾಚಿಕೆ ಬಿಟ್ಟು ಕೂಡಲೇ ಸ್ತ್ರೀರೋಗ ತಜ್ಞೆಯನ್ನು ಕಾಣಬೇಕು.

ಆಶಾ ಬರುವವರೆಗೆ ಕಾಯಬೇಕೆಂದೂ ಇಲ್ಲ. ಹೊಲಿಗೆ ಯಂತ್ರವಿರುವ ಮನೆಯಲ್ಲಿ ಅಳತೆಯ ಟೇಪು ಇದ್ದೇ ಇರುತ್ತದೆ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುಮಧ್ಯದಲ್ಲಿ, ಉಸಿರು ಬಿಟ್ಟ ಮೇಲೆ, ಬಿಗಿಯದೆ ಅಳೆಯಿರಿ. 80 ಸೆಂಟಿಮೀಟರೆಂದರೆ ಮೂವತ್ತೊಂದೂವರೆ ಇಂಚು. ಇನ್ನು ನಿಮ್ಮ ಪ್ರಶ್ನೆಗಳಿಗೆ ವೇದಿಕೆಯಲ್ಲಿರುವ ವೈದ್ಯೆಯವರು ಉತ್ತರಿಸಲಿದ್ದಾರೆ. ಬರೆದು ಕೊಡಲು ಇಷ್ಟಪಡುವವರು ಹೆಸರು ಬರೆಯಬೇಕಾಗಿಲ್ಲ.